ಪ್ಯಾಕೆಟ್ಟಿನ ಒಳಗೇನಿದೆ? ಜಾಲ ಸಂಚಾರವನ್ನು ಗುರುತು ಹಿಡಿದವರ ಕಥೆ

ಒಂದು ಕಾಲೇಜಿನ ಗಣಕ ಪ್ರಯೋಗಾಲಯವನ್ನು ಕಲ್ಪಿಸಿಕೊಳ್ಳಿ. ಮೂವತ್ತು ವಿದ್ಯಾರ್ಥಿಗಳು ಒಂದೇ ಅಂತರಜಾಲ ಸಂಪರ್ಕವನ್ನು ಹಂಚಿಕೊಂಡಿದ್ದಾರೆ. ಒಬ್ಬಳು ಪರೀಕ್ಷೆಯ ಫಲಿತಾಂಶ ಹುಡುಕುತ್ತಿದ್ದಾಳೆ. ಇನ್ನೊಬ್ಬ ದೂರದ ಊರಿನ ಉಪನ್ಯಾಸಕರ ಪಾಠವನ್ನು ವಿಡಿಯೋ ಮೂಲಕ ಕೇಳುತ್ತಿದ್ದಾನೆ. ಕೊನೆಯ ಸಾಲಿನಲ್ಲಿ ಕುಳಿತವನೊಬ್ಬ ಸದ್ದಿಲ್ಲದೆ ಸಿನಿಮಾ ಇಳಿಸಿಕೊಳ್ಳುತ್ತಿದ್ದಾನೆ. ಸ್ವಲ್ಪ ಹೊತ್ತಿಗೆ ಉಪನ್ಯಾಸಕರ ಧ್ವನಿ ತುಂಡುತುಂಡಾಗುತ್ತದೆ, ಫಲಿತಾಂಶದ ಪುಟ ಅರ್ಧಕ್ಕೆ ನಿಲ್ಲುತ್ತದೆ. ಮೇಲ್ವಿಚಾರಕರು ಗದರುತ್ತಾರೆ. ಕೊನೆಯ ಸಾಲಿನವನು ಎಲ್ಲರಿಗಿಂತ ಜೋರಾಗಿ 'ನಾನಲ್ಲ ಸಾರ್' ಎನ್ನುತ್ತಾನೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಯಾರನ್ನೂ ಕೇಳದೆ, ತಂತಿಯಲ್ಲಿ ಹರಿಯುವುದನ್ನು ನೋಡಿಯೇ ಯಾವುದು ಪಾಠ, ಯಾವುದು ಫಲಿತಾಂಶ, ಯಾವುದು ಸಿನಿಮಾ ಎಂದು ಹೇಳಬಹುದೇ? ಇದಕ್ಕೆ ಸಂಚಾರ ವರ್ಗೀಕರಣ ಎಂದು ಹೆಸರು. ಮೇಲ್ನೋಟಕ್ಕೆ ಇದು ಜಾಲ ನಿರ್ವಾಹಕರ ಮನೆವಾರ್ತೆಯ ವಿಷಯ. ಆದರೆ ಇದರ ಇತಿಹಾಸದಲ್ಲಿ ಗ್ರಂಥಾಲಯದ ಹುಡುಕಾಟವೊಂದಕ್ಕಾಗಿ ಹುಟ್ಟಿದ ಸೊಗಸಾದ ಗಣಿತವಿದೆ, ಕಳ್ಳ-ಪೊಲೀಸ್ ಆಟವಿದೆ, ನ್ಯಾಯಾಲಯಗಳೂ ಇವೆ.

ಮೊದಲು ಪ್ಯಾಕೆಟ್ ಎಂದರೇನು ಎಂದು ನೆನಪಿಸಿಕೊಳ್ಳೋಣ. ಅಂತರಜಾಲದಲ್ಲಿ ಯಾವ ಕಡತವೂ ಇಡಿಯಾಗಿ ಸಾಗುವುದಿಲ್ಲ. ಅದನ್ನು ಸಾಮಾನ್ಯವಾಗಿ 1500 ಬೈಟ್ ಮೀರದ ತುಂಡುಗಳಾಗಿ ಒಡೆದು ಕಳುಹಿಸುತ್ತಾರೆ. ಪ್ರತಿ ತುಂಡಿನ ತಲೆಯಲ್ಲಿ ಹೆಡರ್ ಎಂಬ ವಿಳಾಸದ ಭಾಗ ಇರುತ್ತದೆ. ಅದರಲ್ಲಿ ಐಪಿ ಎಂಬ ನಿಯಮಾವಳಿಯ ಪಾಲು ಕನಿಷ್ಠ 20 ಬೈಟ್. ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು ಎಂಬುದು ಅಲ್ಲಿದೆ. ಅದರ ಬೆನ್ನಿಗೆ ಟಿಸಿಪಿ ಅಥವಾ ಯುಡಿಪಿ ಎಂಬ ಇನ್ನೊಂದು ಹೆಡರ್. ಅದಾದ ಮೇಲೆ ನಿಜವಾದ ಸರಕು. ಅಂಚೆಯ ಭಾಷೆಯಲ್ಲಿ ಹೇಳುವುದಾದರೆ ಹೆಡರ್ ಎಂಬುದು ಲಕೋಟೆಯ ಮೇಲಿನ ವಿಳಾಸ, ಸರಕು ಒಳಗಿನ ಪತ್ರ. ವಿಳಾಸವನ್ನಷ್ಟೇ ನೋಡಿ ವಿಂಗಡಿಸುವುದು ಮೇಲುಮೇಲಿನ ತಪಾಸಣೆ. ಪತ್ರವನ್ನೂ ಓದಿ ವಿಂಗಡಿಸುವುದು ಆಳ ತಪಾಸಣೆ, ಅಂದರೆ ಇಂದು ಡೀಪ್ ಪ್ಯಾಕೆಟ್ ಇನ್‌ಸ್ಪೆಕ್ಷನ್ ಎಂದು ಕರೆಸಿಕೊಳ್ಳುವ ವಿದ್ಯೆ. ಹೀಗೆ ಹೇಳಿದೊಡನೆ ಅದರ ಉಪಯೋಗವೂ ಅದರ ಅಪಾಯವೂ ನಿಮಗೆ ಒಟ್ಟಿಗೇ ಹೊಳೆದಿರಬೇಕು.

ಬಾಗಿಲಿಗೊಂದು ಸಂಖ್ಯೆ

ಆರಂಭದ ದಿನಗಳಲ್ಲಿ ಪತ್ರ ಓದುವ ಅಗತ್ಯವೇ ಇರಲಿಲ್ಲ. ಒಂದೇ ಗಣಕಯಂತ್ರದಲ್ಲಿ ಹಲವು ಸೇವೆಗಳು ನಡೆಯುವುದರಿಂದ ಪ್ರತಿ ಸೇವೆಗೂ ಒಂದು ಬಾಗಿಲ ಸಂಖ್ಯೆ ಇತ್ತು. ಇದನ್ನು ಪೋರ್ಟ್ ಎನ್ನುತ್ತಾರೆ. 1972ರ ಮೇ ತಿಂಗಳಲ್ಲಿ ಜಾನ್ ಪೋಸ್ಟೆಲ್ ಎಂಬ ಸಂಶೋಧಕ ಒಂದು ಪುಟ್ಟ ಟಿಪ್ಪಣಿ ಬರೆದು, ಈ ಸಂಖ್ಯೆಗಳನ್ನು ಹಂಚಲು ಒಬ್ಬ 'ಜಾರ್' ಚಕ್ರವರ್ತಿ ಇರಬೇಕು, ಬಹುಶಃ ತಾನೇ ಆಗಬಹುದೇನೋ ಎಂದು ಸೂಚಿಸಿದರು. ತಮಾಷೆಯಂತೆ ಹೇಳಿದ್ದು ನಿಜವಾಯಿತು. 1998ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಪಟ್ಟಿಯನ್ನು ಕಾಯ್ದರು. ಮಿಂಚಂಚೆಗೆ 25, ಜಾಲಪುಟಗಳಿಗೆ 80, ಹೆಸರು ಹುಡುಕಾಟಕ್ಕೆ 53 ಹೀಗೆ. ಸಂಖ್ಯೆ 16 ಬಿಟ್ಟುಗಳದ್ದಾದ್ದರಿಂದ 0ಯಿಂದ 65,535ರವರೆಗೆ ಅವಕಾಶ. 1995ರಲ್ಲಿ ಫಿನ್‌ಲೆಂಡಿನ ತಾತು ಯ್ಲೋನೆನ್ ತಮ್ಮ ಹೊಸ ತಂತ್ರಾಂಶ ಎಸ್‌ಎಸ್‌ಎಚ್‌ಗೆ ಒಂದು ಸಂಖ್ಯೆ ಬೇಡಿ ಪತ್ರ ಬರೆದಾಗ ಮರುದಿನವೇ 22 ಸಿಕ್ಕಿತು. ಎಫ್‌ಟಿಪಿಯ 21 ಮತ್ತು ಟೆಲ್‌ನೆಟ್ಟಿನ 23ರ ನಡುವೆ ಆ ಜಾಗ ಖಾಲಿ ಬಿದ್ದಿತ್ತು, ಅಷ್ಟೇ.

ಅಂದಿನ ವರ್ಗೀಕರಣ ಎಂದರೆ ಈ ಸಂಖ್ಯೆಯನ್ನು ನೋಡುವುದು. 80 ಇದ್ದರೆ ಜಾಲಪುಟ, 25 ಇದ್ದರೆ ಅಂಚೆ. ಹೆಡರಿನ ಎರಡು ಬೈಟ್ ಓದಿದರೆ ಕೆಲಸ ಮುಗಿಯಿತು. ಆದರೆ ಒಂದು ಮಾತನ್ನು ಗಮನಿಸಿ. ಈ ಸಂಖ್ಯೆಗಳು ಒಪ್ಪಂದವೇ ಹೊರತು ಪ್ರಕೃತಿ ನಿಯಮವಲ್ಲ. 80ನೇ ಬಾಗಿಲಿನಲ್ಲಿ ಜಾಲಪುಟವನ್ನೇ ಸಾಗಿಸಬೇಕು ಎಂದು ತಡೆಯುವ ಯಂತ್ರ ಯಾವುದೂ ಇಲ್ಲ. ಎಲ್ಲರೂ ಪ್ರಾಮಾಣಿಕವಾಗಿ ಫಲಕ ಹಾಕಿಕೊಂಡಿರುವವರೆಗೆ ಮಾತ್ರ ಫಲಕ ನೋಡಿ ಅಂಗಡಿ ಗುರುತಿಸಬಹುದು.

ಆ ಪ್ರಾಮಾಣಿಕತೆಯನ್ನು ಮುರಿದದ್ದು ಹಾಡುಗಳು. 1999ರ ಜೂನ್‌ನಲ್ಲಿ ನ್ಯಾಪ್‌ಸ್ಟರ್ ಬಂತು. ಜನರು ತಮ್ಮ ಗಣಕದಲ್ಲಿದ್ದ ಹಾಡುಗಳನ್ನು ಪರಸ್ಪರ ನೇರವಾಗಿ ಹಂಚಿಕೊಳ್ಳತೊಡಗಿದರು. ಅಮೆರಿಕದ ವಿಶ್ವವಿದ್ಯಾಲಯಗಳ ಜಾಲಗಳು ತುಂಬಿ ತುಳುಕಿದವು. ಹಲವು ವಿಶ್ವವಿದ್ಯಾಲಯಗಳು ಅದನ್ನು ತಡೆದವು. ಅದರ ಉತ್ತರಾಧಿಕಾರಿಗಳು ಜಾಣರಾದರು. ಕಝಾ ಎಂಬ ತಂತ್ರಾಂಶ ಮೊದಲು 1214ನೇ ಪೋರ್ಟಿನಲ್ಲಿ ಓಡುತ್ತಿತ್ತು. ಅದನ್ನು ಮುಚ್ಚಿದಾಗ 2002ರ ಎರಡನೇ ಆವೃತ್ತಿ ಯಾವ ಬಾಗಿಲು ತೆರೆದಿದೆಯೋ ಅದರಲ್ಲೇ ನುಗ್ಗತೊಡಗಿತು, 80ರಲ್ಲಿ ಕೂಡ. 80ನ್ನು ಮುಚ್ಚುವಂತಿಲ್ಲ, ಮುಚ್ಚಿದರೆ ಜಾಲಪುಟಗಳೇ ಇಲ್ಲ. 2004ರಲ್ಲಿ ಥಾಮಸ್ ಕಾರಾಯಾನಿಸ್ ಮತ್ತು ಸಂಗಡಿಗರು ಕಡತ ಹಂಚಿಕೆ ಕಡಿಮೆಯಾಗುತ್ತಿದೆಯೆಂಬ ಅಂದಿನ ವರದಿಗಳನ್ನು ಪರೀಕ್ಷಿಸಿ, ಅದು ಸಾಯುತ್ತಿಲ್ಲ, ಬರಿದೇ ಅಡಗಿಕೊಳ್ಳುತ್ತಿದೆ ಎಂದು ತೋರಿಸಿದರು. ಮರುವರ್ಷ ಆಂಡ್ರ್ಯೂ ಮೂರ್ ಮತ್ತು ಕಾನ್‌ಸ್ಟಾಂಟಿನಾ ಪಾಪಗಿಯನಾಕಿ ಒಂದು ಸಂಶೋಧನಾ ಸಂಸ್ಥೆಯ ನಿಜವಾದ ಸಂಚಾರವನ್ನು ಅಳೆದರು. ಅಧಿಕೃತ ಪಟ್ಟಿಯನ್ನು ಹಿಡಿದು ಪೋರ್ಟ್ ನೋಡಿದರೆ ಸುಮಾರು ಶೇಕಡ 70ರಷ್ಟು ಬೈಟುಗಳನ್ನು ಮಾತ್ರ ಸರಿಯಾಗಿ ಗುರುತಿಸಲು ಸಾಧ್ಯವಾಯಿತು. ಉಳಿದದ್ದರ ಗುರುತು ತಿಳಿಯಲು ಲಕೋಟೆಯ ಒಳಗೆ ನೋಡಲೇಬೇಕಾಗಿತ್ತು.

ಗ್ರಂಥಾಲಯದಿಂದ ಬಂದ ವಿದ್ಯೆ

ಒಳಗೆ ನೋಡುವ ಅಭ್ಯಾಸ ಅಷ್ಟರಲ್ಲಾಗಲೇ ಬೇರೊಂದು ಕಡೆ ಬೆಳೆದಿತ್ತು. ಅದು ಭದ್ರತೆಯ ಕ್ಷೇತ್ರ. 2001ರ ಜುಲೈ 19ರಂದು ಕೋಡ್ ರೆಡ್ ಎಂಬ ಹುಳು 14 ಗಂಟೆಗಳ ಒಳಗೆ 3,59,000ಕ್ಕೂ ಹೆಚ್ಚು ಗಣಕಗಳನ್ನು ಹೊಕ್ಕಿತು. ಅದು ಬಂದದ್ದು 80ನೇ ಬಾಗಿಲಿನಿಂದಲೇ, ಸಾಧಾರಣ ಜಾಲಪುಟದ ಬೇಡಿಕೆಯ ವೇಷದಲ್ಲಿ. ಪೋರ್ಟ್ ನೋಡುವವನಿಗೆ ಅದು ಕಾಣುವುದೇ ಇಲ್ಲ. ಆದರೆ ಬೇಡಿಕೆಯ ಒಳಗೆ ಒಂದೇ ಅಕ್ಷರದ ಉದ್ದನೆಯ ಸಾಲು ಇತ್ತು. ಅದೇ ಅದರ ಚಹರೆ. ಇಂಥ ಚಹರೆಗಳ ಪಟ್ಟಿಯನ್ನು ಇಟ್ಟುಕೊಂಡು ಪ್ರತಿ ಪ್ಯಾಕೆಟ್ಟನ್ನೂ ತಡವಿ ನೋಡುವ ಸ್ನಾರ್ಟ್ ಎಂಬ ಮುಕ್ತ ತಂತ್ರಾಂಶವನ್ನು ಮಾರ್ಟಿನ್ ರೋಷ್ 1998ರಲ್ಲೇ ಬರೆದಿದ್ದರು. ಹೆಚ್ಚು ಕಡಿಮೆ ಅದೇ ಸಮಯದಲ್ಲಿ ವರ್ನ್ ಪ್ಯಾಕ್ಸನ್ 'ಬ್ರೋ' ಎಂಬ ಇನ್ನೊಂದನ್ನು ಪ್ರಕಟಿಸಿದರು. 2018ರಿಂದ ಅದರ ಹೆಸರು ಝೀಕ್.

ಇಲ್ಲಿ ಒಂದು ಲೆಕ್ಕ ಮಾಡಿ. ಸೆಕೆಂಡಿಗೆ 10 ಗಿಗಾಬಿಟ್ ವೇಗದ ಒಂದು ತಂತಿಯಲ್ಲಿ ಅತ್ಯಂತ ಚಿಕ್ಕ ಪ್ಯಾಕೆಟ್ಟುಗಳು ಒಂದರ ಬೆನ್ನಿಗೊಂದು ಬಂದರೆ ಸೆಕೆಂಡಿಗೆ ಸುಮಾರು 1 ಕೋಟಿ 48 ಲಕ್ಷ ಆಗುತ್ತವೆ. ಒಂದೊಂದಕ್ಕೆ ಸಿಗುವ ಸಮಯ 67 ನ್ಯಾನೋಸೆಕೆಂಡ್. 3 ಗಿಗಾಹರ್ಟ್ಸ್ ಸಂಸ್ಕಾರಕಕ್ಕೆ ಇದು ಬರೀ 200 ಬಡಿತಗಳು. ಅಷ್ಟರೊಳಗೆ ಸಾವಿರಾರು ಚಹರೆಗಳಲ್ಲಿ ಯಾವುದಾದರೂ ಇದೆಯೇ ಎಂದು ನೋಡಬೇಕು. ಒಂದೊಂದನ್ನೇ ಹಿಡಿದು ಹೋಲಿಸುತ್ತ ಕುಳಿತರೆ ಪ್ಯಾಕೆಟ್ಟುಗಳು ಬಾಗಿಲಲ್ಲೇ ರಾಶಿ ಬೀಳುತ್ತವೆ.

ಪರಿಹಾರ ಕಾಲು ಶತಮಾನ ಹಿಂದೆಯೇ ಸಿದ್ಧವಾಗಿತ್ತು. ಬೆಲ್ ಪ್ರಯೋಗಾಲಯದಲ್ಲಿ ಮಾರ್ಗರೆಟ್ ಕೊರಾಸಿಕ್ ಗ್ರಂಥಸೂಚಿಯಲ್ಲಿ ಹಲವು ಪದಗಳನ್ನು ಒಮ್ಮೆಗೇ ಹುಡುಕುವ ತಂತ್ರಾಂಶವನ್ನು ಬರೆಯುತ್ತಿದ್ದರು. ಆಲ್‌ಫ್ರೆಡ್ ಆಹೋ ಅವರ ಜೊತೆಗೂಡಿ 1975ರಲ್ಲಿ ಅವರು ಪ್ರಕಟಿಸಿದ ಕ್ರಮವಿಧಿ ಆ ಹುಡುಕಾಟವನ್ನು 5ರಿಂದ 10 ಪಟ್ಟು ವೇಗಗೊಳಿಸಿತು. ಅದರ ಮರ್ಮವನ್ನು ಕನ್ನಡದ ಅಕ್ಷರಗಳಲ್ಲೇ ನೋಡೋಣ.

ನಾವು ಹುಡುಕಬೇಕಾದ ಪದಗಳು ಎರಡು: 'ಕಮಲ' ಮತ್ತು 'ಮಲಯ'. ನಮ್ಮ ಮುಂದೆ 'ಕಮಲಯ' ಎಂಬ ಅರ್ಥವಿಲ್ಲದ ಅಕ್ಷರಮಾಲೆ ಬಂತು ಎನ್ನಿ. ಸಾಮಾನ್ಯ ವಿಧಾನದಲ್ಲಿ ಮೊದಲ ಅಕ್ಷರದಿಂದ ಎರಡೂ ಪದಗಳನ್ನು ಹೋಲಿಸಿ ನೋಡಬೇಕು, ಬಳಿಕ ಎರಡನೆಯ ಅಕ್ಷರದಿಂದ ಮತ್ತೆ ಎರಡನ್ನೂ ಹೋಲಿಸಬೇಕು. ಪ್ರತಿ ಅಕ್ಷರವನ್ನೂ ಪದೇ ಪದೇ ಓದಬೇಕು. ಆಹೋ ಮತ್ತು ಕೊರಾಸಿಕ್ ಮಾಡಿದ್ದೇ ಬೇರೆ. ಅವರು ಎಲ್ಲ ಪದಗಳನ್ನೂ ಮೊದಲೇ ಒಂದು ಮರದ ರೂಪದಲ್ಲಿ ಜೋಡಿಸಿದರು. ಬೇರಿನಿಂದ ಒಂದು ಕೊಂಬೆ ಕ-ಮ-ಲ, ಇನ್ನೊಂದು ಕೊಂಬೆ ಮ-ಲ-ಯ. ಈಗ ಓದಲು ಹೊರಡಿ. ಕ, ಮ, ಲ ಎಂದು ಮೊದಲ ಕೊಂಬೆಯ ತುದಿ ತಲಪಿದಿರಿ, 'ಕಮಲ' ಸಿಕ್ಕಿತು. ಮುಂದಿನ ಅಕ್ಷರ ಯ. ಈ ಕೊಂಬೆಯಲ್ಲಿ ಮುಂದೆ ದಾರಿಯಿಲ್ಲ. ಆದರೆ ನೀವು ಈಗಷ್ಟೇ ಓದಿದ್ದರ ಬಾಲ 'ಮಲ' ತಾನೇ? ಅದು ಇನ್ನೊಂದು ಕೊಂಬೆಯ ಆರಂಭವೂ ಹೌದು. ಆದ್ದರಿಂದ ಕ-ಮ-ಲದ ತುದಿಯಿಂದ ಮ-ಲದ ಬಳಿಗೆ ಮೊದಲೇ ಒಂದು ಹಗ್ಗ ಕಟ್ಟಿಟ್ಟಿರುತ್ತಾರೆ. ಆ ಹಗ್ಗ ಹಿಡಿದು ಜಿಗಿದು ಯ ಓದಿದರೆ 'ಮಲಯ' ಕೂಡ ಸಿಕ್ಕಿತು. ಒಮ್ಮೆಯೂ ಹಿಂದಕ್ಕೆ ಹೋಗಲಿಲ್ಲ, ಯಾವ ಅಕ್ಷರವನ್ನೂ ಎರಡನೇ ಸಲ ತರಿಸಿ ಓದಲಿಲ್ಲ. ಪದಗಳು ಎರಡಿರಲಿ, ಎರಡು ಸಾವಿರವಿರಲಿ, ಓದುವ ಶ್ರಮ ಪಠ್ಯದ ಉದ್ದವನ್ನು ಅವಲಂಬಿಸುತ್ತದೆಯೇ ಹೊರತು ಪದಗಳ ಸಂಖ್ಯೆಯನ್ನಲ್ಲ. ಮರ ದೊಡ್ಡದಾಗುವುದರಿಂದ ಸ್ಮೃತಿಕೋಶ ಹೆಚ್ಚು ಬೇಕಾಗುತ್ತದೆ ಎಂಬುದಷ್ಟೇ ಇದಕ್ಕೆ ತೆರುವ ಬೆಲೆ. ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಐದು ನಿಮಿಷದಲ್ಲಿ ಬರೆದು ತೋರಿಸಬಹುದಾದ ಈ ಮರ ಇಂದಿಗೂ ಆಳ ತಪಾಸಣೆಯ ತಂತ್ರಾಂಶಗಳ ಹೊಟ್ಟೆಯಲ್ಲಿದೆ. 2003ರಲ್ಲಿ ಬಂದ ಸ್ನಾರ್ಟಿನ ಎರಡನೇ ಆವೃತ್ತಿಯಲ್ಲಿ ಹಲವು ಚಹರೆಗಳನ್ನು ಒಟ್ಟಿಗೆ ಹುಡುಕುವ ಇಂಥ ಯಂತ್ರವನ್ನೇ ಅಳವಡಿಸಲಾಯಿತು.

ಹತ್ತೊಂಬತ್ತರ ಗುಟ್ಟು

ಅದೇ 2003ರ ಹೊತ್ತಿಗೆ ಭದ್ರತೆಯ ಈ ವಿದ್ಯೆಯನ್ನು ಸಂಚಾರ ವರ್ಗೀಕರಣಕ್ಕೆ ತಂದದ್ದು ಲಿನಕ್ಸ್‌ಗಾಗಿ ಬರೆದ ಎಲ್7-ಫಿಲ್ಟರ್ ಎಂಬ ಮುಕ್ತ ತಂತ್ರಾಂಶ. ಪ್ರತಿ ಅನ್ವಯಕ್ಕೂ ಒಂದು ಚಹರೆಯನ್ನು ಬರೆದಿಟ್ಟು, ಒಂದು ಹರಿವಿನ ಮೊದಲ ಹತ್ತು ಪ್ಯಾಕೆಟ್ಟುಗಳಲ್ಲಿ ಅದು ಸಿಗುತ್ತದೆಯೇ ಎಂದು ಅದು ನೋಡುತ್ತಿತ್ತು. ಹರಿವು ಎಂದರೆ ಎರಡು ಗಣಕಗಳ ನಡುವಿನ ಒಂದು ಸಂಭಾಷಣೆ. ಒಮ್ಮೆ ಗುರುತು ಸಿಕ್ಕರೆ ಆ ಸಂಭಾಷಣೆಯ ಉಳಿದ ಲಕ್ಷಾಂತರ ಪ್ಯಾಕೆಟ್ಟುಗಳನ್ನು ಓದುವ ಅಗತ್ಯವಿಲ್ಲ. ಇಬ್ಬರು ಪರಿಚಯಸ್ಥರು ಭೇಟಿಯಾದಾಗ ಆಡುವ ಮೊದಲ ಮಾತಿನಿಂದಲೇ ಅವರ ಭಾಷೆ ತಿಳಿಯುವಂತೆ.

ಬ್ರಾಮ್ ಕೋಹೆನ್ 2001ರಲ್ಲಿ ಹೊರತಂದ ಬಿಟ್‌ಟೊರೆಂಟ್‌ನ ಮೊದಲ ಮಾತು ಹೀಗಿತ್ತು: ಮೊದಲ ಬೈಟಿನ ಬೆಲೆ 19, ಆಮೇಲೆ ಇಂಗ್ಲಿಷ್ ಲಿಪಿಯಲ್ಲಿ 'ಬಿಟ್‌ಟೊರೆಂಟ್ ಪ್ರೋಟೋಕಾಲ್' ಎಂಬ ಪದಗುಚ್ಛ. ಆ ಪದಗುಚ್ಛದಲ್ಲಿರುವ ಅಕ್ಷರಗಳು, ನಡುವಿನ ಖಾಲಿ ಜಾಗವೂ ಸೇರಿ, ಸರಿಯಾಗಿ 19. ಆಕಸ್ಮಿಕವಾಗಿ ಬೇರೆ ಯಾವುದೋ ದತ್ತಾಂಶ ಹೀಗೆ ಆರಂಭವಾಗುವ ಸಂಭವ 256ರ ಇಪ್ಪತ್ತನೇ ಘಾತದಲ್ಲಿ ಒಂದು. ಅಂದರೆ ಇಲ್ಲವೆಂದೇ ಹೇಳಬಹುದು. ಆದರೆ 'ಆರಂಭದಲ್ಲಿ' ಎಂಬ ಷರತ್ತನ್ನು ಕೈಬಿಟ್ಟರೆ ಏನಾಗುತ್ತದೆ ನೋಡಿ. ಬಿಟ್‌ಟೊರೆಂಟ್ ಬಗ್ಗೆ ಬರೆದ ಪಾಠದ ಪುಟವೊಂದನ್ನು ಓದುವ ಬಡಪಾಯಿ ವಿದ್ಯಾರ್ಥಿಯೂ ಸಿನಿಮಾ ಇಳಿಸುವವನ ಪಟ್ಟಿಗೆ ಸೇರುತ್ತಾನೆ.

ಎಲ್ಲ ಚಹರೆಗಳೂ ಇಷ್ಟು ಅನುಕೂಲಕರವಾಗಿರಲಿಲ್ಲ. ಕೆಲವು ಅನ್ವಯಗಳ ಮೊದಲ ಮಾತಿನಲ್ಲಿ ಸ್ಥಿರವಾಗಿರುವುದು ಒಂದೇ ಬೈಟ್. ಯಾದೃಚ್ಛಿಕ ದತ್ತಾಂಶದಲ್ಲಿ ಅದು ಸಿಗುವ ಸಂಭವ 256ರಲ್ಲಿ ಒಂದು. ದಿನಕ್ಕೆ ಅಂಥ ಹತ್ತು ಲಕ್ಷ ಹರಿವುಗಳು ಬಂದರೆ ಸುಮಾರು 3,900ಕ್ಕೆ ತಪ್ಪು ಹೆಸರು ಅಂಟುತ್ತದೆ. ಎರಡು ಬೈಟ್ ಸ್ಥಿರವಾಗಿದ್ದರೆ ಈ ತಪ್ಪು 15ಕ್ಕೆ ಇಳಿಯುತ್ತದೆ. ಎಲ್7-ಫಿಲ್ಟರ್ ಬರೆದವರು ಪ್ರಾಮಾಣಿಕರು. ಯಾವ ಚಹರೆ ಅತಿಯಾಗಿ ಹೊಂದುತ್ತದೆ ಎಂಬುದನ್ನು ತಮ್ಮ ಪಟ್ಟಿಯಲ್ಲೇ ಬರೆದಿದ್ದರು. ಬಳಸಿದವರೆಲ್ಲ ಅದನ್ನು ಓದಿದರೇ ಎಂಬುದು ಬೇರೆ ಮಾತು.

ಕ್ಷೌರದಂಗಡಿಯ ಹಾಡುಗಳು

ಗುರುತಿಸುವುದು ಒಂದು, ಗುರುತಿಸಿದ ಮೇಲೆ ಏನು ಮಾಡುತ್ತಾರೆ ಎಂಬುದು ಇನ್ನೊಂದು. 2007ರಲ್ಲಿ ಅಮೆರಿಕದ ಆರೆಗನ್ ರಾಜ್ಯದ ರಾಬ್ ಟೊಪೊಲ್‌ಸ್ಕಿ ಎಂಬ ತಂತ್ರಜ್ಞರಿಗೆ ಒಂದು ಹವ್ಯಾಸವಿತ್ತು. ನಾಲ್ವರು ಸೇರಿ ವಾದ್ಯವಿಲ್ಲದೆ ಹಾಡುವ 'ಬಾರ್ಬರ್‌ಶಾಪ್' ಶೈಲಿಯ ಬಹಳ ಹಳೆಯ ಹಾಡುಗಳನ್ನು ಬಿಟ್‌ಟೊರೆಂಟ್‌ನಂಥ ತಂತ್ರಾಂಶಗಳಲ್ಲಿ ಹಂಚುವುದು. ಅವು ಏಕೋ ಯಾರಿಗೂ ತಲಪುತ್ತಲೇ ಇರಲಿಲ್ಲ. ಅವರು ತಮ್ಮ ಗಣಕಕ್ಕೆ ಬರುವ ಪ್ಯಾಕೆಟ್ಟುಗಳನ್ನೇ ಹಿಡಿದು ಒಂದೊಂದಾಗಿ ಪರೀಕ್ಷಿಸಿದರು. ಸಿಕ್ಕಿದ್ದು ವಿಚಿತ್ರವಾಗಿತ್ತು.

ಟಿಸಿಪಿ ಹೆಡರಿನಲ್ಲಿ ರೀಸೆಟ್ ಎಂಬ ಒಂದು ಬಿಟ್ ಇದೆ. ಅದನ್ನು 1 ಮಾಡಿ ಕಳುಹಿಸಿದರೆ 'ಸಂಭಾಷಣೆ ಮುಗಿಯಿತು, ಫೋನ್ ಇಡು' ಎಂದರ್ಥ. ಟೊಪೊಲ್‌ಸ್ಕಿಯವರ ಗಣಕಕ್ಕೆ ಅಂಥ ಪ್ಯಾಕೆಟ್ಟುಗಳು ಬರುತ್ತಿದ್ದವು, ಎದುರಿನ ಗೆಳೆಯನ ವಿಳಾಸದಿಂದ. ಆದರೆ ಎದುರಿನವನು ಅವನ್ನು ಕಳುಹಿಸಿಯೇ ಇರಲಿಲ್ಲ. ನಡುವೆ ಇದ್ದ ಸೇವಾದಾತ ಕಂಪನಿ ಕಾಮ್‌ಕ್ಯಾಸ್ಟ್, ಆಳ ತಪಾಸಣೆಯ ಉಪಕರಣದಿಂದ ಕಡತ ಹಂಚಿಕೆಯನ್ನು ಗುರುತಿಸಿ, ಇಬ್ಬರ ಹೆಸರಿನಲ್ಲೂ ಸುಳ್ಳು ಪ್ಯಾಕೆಟ್ ತಯಾರಿಸಿ ಇಬ್ಬರಿಗೂ ಕಳುಹಿಸುತ್ತಿತ್ತು. ಇಬ್ಬರೂ ಮತ್ತೊಬ್ಬ ಫೋನ್ ಇಟ್ಟನೆಂದು ಭಾವಿಸಿ ಸುಮ್ಮನಾಗುತ್ತಿದ್ದರು. ಅಂಚೆಯವನು ಪತ್ರ ತಡಮಾಡಿದರೆ ಒಂದು ಬಗೆ. ಅವನೇ ನಿಮ್ಮ ಗೆಳೆಯನ ಕೈಬರಹದಲ್ಲಿ 'ಇನ್ನು ಬರೆಯಬೇಡ' ಎಂದು ಬರೆದು ಹಾಕಿದರೆ? ಆ ವರ್ಷದ ಅಕ್ಟೋಬರ್‌ನಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಇದನ್ನು ಪರೀಕ್ಷಿಸಿ ದೃಢಪಡಿಸಿತು. ಪರೀಕ್ಷೆಗೆ ಅವರು ಹಂಚಿದ ಕಡತ ಬೈಬಲ್. ಯಾರ ಹಕ್ಕುಸ್ವಾಮ್ಯವನ್ನೂ ಮುರಿಯದ ಗ್ರಂಥ! ತಂತ್ರಾಂಶಕ್ಕೆ ಅದು ಬಿಟ್‌ಟೊರೆಂಟ್ ಎಂದು ಗೊತ್ತಾಯಿತೇ ಹೊರತು ಬೈಬಲ್ ಎಂದು ಗೊತ್ತಾಗಲಿಲ್ಲ.

2008ರ ಆಗಸ್ಟ್‌ನಲ್ಲಿ ಅಮೆರಿಕದ ಸಂಪರ್ಕ ಆಯೋಗ ಕಂಪನಿಯ ವಿರುದ್ಧ ಆದೇಶ ನೀಡಿತು. 2010ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಆಯೋಗಕ್ಕೆ ಆ ಅಧಿಕಾರವಿಲ್ಲವೆಂದು ಅದನ್ನು ತಳ್ಳಿಹಾಕಿತು. ಅಲ್ಲಿ ಈ ಹಗ್ಗಜಗ್ಗಾಟ 2015, 2017, 2024 ಎಂದು ಮುಂದುವರಿದು, 2025ರ ಜನವರಿಯಲ್ಲಿ ಇನ್ನೊಂದು ನ್ಯಾಯಾಲಯ ಆಯೋಗದ ನಿಯಮಗಳನ್ನು ಮತ್ತೆ ರದ್ದುಮಾಡಿತು. ಭಾರತದಲ್ಲಿ ಟ್ರಾಯ್ 2017ರ ನವೆಂಬರ್‌ನಲ್ಲಿ ಮಾಡಿದ ಶಿಫಾರಸುಗಳನ್ನು ದೂರಸಂಪರ್ಕ ಇಲಾಖೆ 2018ರ ಜುಲೈನಲ್ಲಿ ಒಪ್ಪಿಕೊಂಡಿತು. ವಿಷಯ ನೋಡಿ ಭೇದ ಮಾಡುವುದು ನಿಷಿದ್ಧ, ಆದರೆ ಸಮಂಜಸವೂ ಪಾರದರ್ಶಕವೂ ಆದ ಸಂಚಾರ ನಿರ್ವಹಣೆಗೆ ಅವಕಾಶ ಉಂಟು. ಈ ಎರಡರ ನಡುವಿನ ಗೆರೆಯನ್ನು ಎಳೆಯಲು ಮತ್ತೆ ಬೇಕಾಗುವುದು ಸರಿಯಾದ ವರ್ಗೀಕರಣವೇ.

ಬ್ರಿಟನ್ನಿನಲ್ಲಿ ಇನ್ನೊಂದು ಪ್ರಕರಣ ನಡೆಯಿತು. ಅಲ್ಲಿನ ಬಿಟಿ ಕಂಪನಿ 2006 ಮತ್ತು 2007ರಲ್ಲಿ ಫಾರ್ಮ್ ಎಂಬ ಸಂಸ್ಥೆಯ ಉಪಕರಣದಿಂದ ಗ್ರಾಹಕರು ಯಾವ ಪುಟಗಳನ್ನು ನೋಡುತ್ತಾರೆಂದು ಓದಿ, ಅದಕ್ಕೆ ತಕ್ಕ ಜಾಹೀರಾತು ತೋರಿಸುವ ಪ್ರಯೋಗ ಮಾಡಿತ್ತು, ಗ್ರಾಹಕರಿಗೆ ತಿಳಿಸದೆ. ಇದು 2008ರಲ್ಲಿ ಬಯಲಾಯಿತು. 2009ರ ಏಪ್ರಿಲ್‌ನಲ್ಲಿ ಯುರೋಪಿಯನ್ ಆಯೋಗ ಬ್ರಿಟಿಷ್ ಸರ್ಕಾರದ ಮೇಲೆಯೇ ಕ್ರಮ ಆರಂಭಿಸಿತು. ನನ್ನ ದೃಷ್ಟಿಯಲ್ಲಿ ಇದು ಕಾಮ್‌ಕ್ಯಾಸ್ಟ್ ಪ್ರಕರಣಕ್ಕಿಂತ ಗಂಭೀರ. ಅಲ್ಲಿ ಯಂತ್ರ ಭಾಷೆಯನ್ನಷ್ಟೇ ಗುರುತಿಸಿತು, ಇಲ್ಲಿ ಪತ್ರವನ್ನೇ ಓದಿತು.

ನಾಲ್ಕು ಬೈಟ್ ಸಾಕೇ?

ಹಾಗಾದರೆ ಪತ್ರವನ್ನು ಎಷ್ಟು ಓದಿದರೆ ಭಾಷೆ ತಿಳಿಯುತ್ತದೆ? ಈ ಪ್ರಶ್ನೆಗೆ ಬಹಳ ಚೆಂದದ ಉತ್ತರ ಬಂದದ್ದು ನ್ಯೂಜಿಲೆಂಡಿನ ವೈಕಾಟೊ ವಿಶ್ವವಿದ್ಯಾಲಯದಿಂದ. ಅಲ್ಲಿನ ಸಂಶೋಧಕರಿಗೆ ಸಂಚಾರದ ದಾಖಲೆ ಬೇಕು, ಆದರೆ ಜನರ ಖಾಸಗಿ ವಿಷಯ ಬೇಡ. ಅವರು ಪ್ರತಿ ಪ್ಯಾಕೆಟ್ಟಿನ ಸರಕಿನಲ್ಲಿ ನಾಲ್ಕು ಬೈಟ್ ಉಳಿಸಿಕೊಂಡು ಮಿಕ್ಕಿದ್ದನ್ನು ಕತ್ತರಿಸಿಬಿಡುತ್ತಿದ್ದರು. ಶೇನ್ ಆಲ್‌ಕಾಕ್ ಮತ್ತು ರಿಚರ್ಡ್ ನೆಲ್ಸನ್ ರೂಪಿಸಿದ ಲಿಬ್‌ಪ್ರೋಟೋಐಡೆಂಟ್ ಎಂಬ ತಂತ್ರಾಂಶ ಎರಡೂ ದಿಕ್ಕಿನ ಈ ನಾಲ್ಕು ಬೈಟ್, ಮೊದಲ ಸರಕಿನ ಉದ್ದ ಮತ್ತು ಪೋರ್ಟ್, ಇಷ್ಟನ್ನೇ ನೋಡಿ ಗುರುತಿಸುತ್ತದೆ. ನಾಲ್ಕು ಬೈಟಿನಲ್ಲಿ ಯಾರ ರಹಸ್ಯವೂ ಹಿಡಿಸುವುದಿಲ್ಲ. ಆದರೆ 19 ಮತ್ತು ಅದರ ಮುಂದಿನ ಮೂರು ಅಕ್ಷರ ಹಿಡಿಸುತ್ತವೆ!

ಇತ್ತ ಜರ್ಮನಿಯ ಲೈಪ್‌ಸಿಗ್ ನಗರದ ಇಪೋಕ್ ಕಂಪನಿ 2009ರಲ್ಲಿ ತನ್ನ ವಾಣಿಜ್ಯ ತಂತ್ರಾಂಶದ ಒಂದು ಭಾಗವನ್ನು ಓಪನ್‌ಡಿಪಿಐ ಎಂಬ ಹೆಸರಿನಲ್ಲಿ ಮುಕ್ತವಾಗಿ ಬಿಟ್ಟಿತು. ಆಳ ತಪಾಸಣೆಯ ಪೆಟ್ಟಿಗೆಯೊಳಗೆ ಏನಿದೆ ಎಂಬುದನ್ನು ಯಾರು ಬೇಕಾದರೂ ಓದುವಂತಾಗಬೇಕೆಂಬ ವಾದ ಆಗ ಬಿಸಿಯಾಗಿತ್ತು. ಆ ಯೋಜನೆ ನಿಂತಾಗ ಇಟಲಿಯ ಲೂಕಾ ಡೇರಿ ಮತ್ತು ಸಂಗಡಿಗರು ಅದನ್ನು ಎತ್ತಿಕೊಂಡು ಎನ್‌ಡಿಪಿಐ ಎಂದು ಬೆಳೆಸಿದರು. ಡೇರಿ 1998ರಲ್ಲೇ ಎನ್‌ಟಾಪ್ ಎಂಬ ಜಾಲಮಾಪಕ ತಂತ್ರಾಂಶವನ್ನು ಬರೆದಿದ್ದವರು. ಎನ್‌ಡಿಪಿಐ ಇಂದು 300ಕ್ಕೂ ಹೆಚ್ಚು ಬಗೆಯ ಸಂಚಾರವನ್ನು ಗುರುತಿಸುತ್ತದೆ.

ಇವುಗಳಲ್ಲಿ ಯಾವುದು ಮೇಲು? ಇದನ್ನು ತೀರ್ಮಾನಿಸುವುದು ತೋರುವಷ್ಟು ಸುಲಭವಲ್ಲ. ಒಂದು ತಂತ್ರಾಂಶ ತಪ್ಪು ಹೇಳಿತೆಂದು ತಿಳಿಯಲು ಸರಿಯುತ್ತರ ನಮಗೆ ಮೊದಲೇ ಗೊತ್ತಿರಬೇಕು. ಸರಿಯುತ್ತರವನ್ನು ಇನ್ನೊಂದು ಅಂಥದೇ ತಂತ್ರಾಂಶದಿಂದ ಪಡೆದರೆ, ಒಬ್ಬ ವಿದ್ಯಾರ್ಥಿಯ ಉತ್ತರಪತ್ರಿಕೆ ಹಿಡಿದು ಇನ್ನೊಬ್ಬನದನ್ನು ತಿದ್ದಿದಂತೆ. ಬಹುಕಾಲ ಆದದ್ದು ಅದೇ. ಡೆನ್ಮಾರ್ಕ್ ಮತ್ತು ಬಾರ್ಸೆಲೋನಾದ ಸಂಶೋಧಕರು, ತೊಮಾಸ್ ಬುಯ್ಲೋವ್ ಮತ್ತು ಸಂಗಡಿಗರು, ಬೇರೆ ದಾರಿ ಹಿಡಿದರು. ತಮ್ಮದೇ ಗಣಕಗಳಲ್ಲಿ ಮನುಷ್ಯರು ಬಳಸುವಂತೆಯೇ ಅನ್ವಯಗಳನ್ನು ಓಡಿಸಿದರು. ಪ್ರತಿ ಹರಿವನ್ನೂ ಯಾವ ಅನ್ವಯ ಆರಂಭಿಸಿತೆಂದು ಆ ಗಣಕದ ಕಾರ್ಯನಿರ್ವಹಣಾ ವ್ಯವಸ್ಥೆಯಿಂದಲೇ ಕೇಳಿ ಬರೆದುಕೊಂಡರು. ಈ ಸರಿಯುತ್ತರದೊಡನೆ ಹೋಲಿಸಿ 2015ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಇಪೋಕ್‌ನ ವಾಣಿಜ್ಯ ತಂತ್ರಾಂಶ ಮೊದಲು ನಿಂತಿತು. ಉಚಿತವಾಗಿ ಸಿಗುವವುಗಳಲ್ಲಿ ಎನ್‌ಡಿಪಿಐ ಮತ್ತು ಬರೀ ನಾಲ್ಕು ಬೈಟ್ ಓದುವ ಲಿಬ್‌ಪ್ರೋಟೋಐಡೆಂಟ್ ಮುಂದೆ ಬಂದವು. ಹೆಚ್ಚು ಓದುತ್ತಿದ್ದ ಎಲ್7-ಫಿಲ್ಟರ್ ಹಿಂದೆ ಬಿತ್ತು. ಆಳಕ್ಕೆ ಹೋದಷ್ಟೂ ನಿಖರತೆ ಹೆಚ್ಚುತ್ತದೆ ಎಂಬ ನಂಬಿಕೆಗೆ ಇದೊಂದು ಒಳ್ಳೆಯ ಮದ್ದು.

ನಿಖರತೆಯ ಸಂಖ್ಯೆಗಳನ್ನು ಓದುವಾಗ ಇನ್ನೊಂದು ಎಚ್ಚರ ಬೇಕು. ನೂರು ಹರಿವುಗಳಿವೆ ಎನ್ನಿ. ತೊಂಬತ್ತೊಂಬತ್ತು ತಲಾ 10 ಕಿಲೋಬೈಟ್, ಒಂದು ಮಾತ್ರ 700 ಮೆಗಾಬೈಟ್. ಆ ಒಂದನ್ನು ತಪ್ಪಾಗಿ ಗುರುತಿಸಿದ ತಂತ್ರಾಂಶ 'ನನ್ನ ನಿಖರತೆ ಶೇಕಡ 99' ಎಂದು ಹೆಮ್ಮೆಪಡಬಹುದು. ಬೈಟುಗಳ ಲೆಕ್ಕ ಹಿಡಿದರೆ ಅದು ಶೇಕಡ 0.2ನ್ನೂ ಮುಟ್ಟುವುದಿಲ್ಲ. ಕೊನೆಯ ಸಾಲಿನ ವಿದ್ಯಾರ್ಥಿ ತಪ್ಪಿಸಿಕೊಂಡ, ಉಳಿದ ಇಪ್ಪತ್ತೊಂಬತ್ತು ಮಂದಿಯ ಗುರುತು ಸಿಕ್ಕಿತು!

ಮುಚ್ಚಿದ ಲಕೋಟೆ

ಅಡಗುವವರು ಸುಮ್ಮನೆ ಕೂರಲಿಲ್ಲ. 2006ರ ಸುಮಾರಿಗೆ ಬಿಟ್‌ಟೊರೆಂಟ್ ಅನ್ವಯಗಳು ಮೊದಲ ಮಾತನ್ನೇ ಗೂಢಲಿಪಿಯಲ್ಲಿ ಮುಚ್ಚಿದವು. 19 ಮಾಯವಾಯಿತು. ಆರಂಭದಲ್ಲಿ 96 ಬೈಟಿನ ಒಂದು ಕೀಲಿ, ಅದರ ಹಿಂದೆ 0ಯಿಂದ 512 ಬೈಟಿನವರೆಗೆ ಎಷ್ಟೆಂದು ಹೇಳಲಾಗದ ಹೊಟ್ಟು. ಎಲ್ಲವೂ ಯಾದೃಚ್ಛಿಕ.

ಸಂಶೋಧಕರು ಆಗ ಪತ್ರ ಬಿಟ್ಟು ಲಕೋಟೆಯ ತೂಕ ನೋಡತೊಡಗಿದರು. ಧ್ವನಿ ಸಂಭಾಷಣೆಯಾದರೆ ಚಿಕ್ಕ ಪ್ಯಾಕೆಟ್ಟುಗಳು ಗಡಿಯಾರದಂತೆ ಸಮ ಅಂತರದಲ್ಲಿ ಬರುತ್ತವೆ. ಕಡತವಾದರೆ ಪೂರ್ಣ ಗಾತ್ರದವು ಸಾಲುಗಟ್ಟುತ್ತವೆ. ಜಾಲಪುಟವಾದರೆ ಒಂದು ಅಲೆ, ಓದುವಷ್ಟು ಹೊತ್ತು ಮೌನ, ಮತ್ತೊಂದು ಅಲೆ. 2005ರಲ್ಲಿ ಮೂರ್ ಮತ್ತು ಡೆನಿಸ್ ಝುಯೆವ್ ಇಂಥ 248 ಲಕ್ಷಣಗಳನ್ನು ಪಟ್ಟಿ ಮಾಡಿ, ಪಿಯುಸಿ ವಿದ್ಯಾರ್ಥಿಗಳಿಗೂ ಪರಿಚಿತವಾದ ಬೇಯ್ಸ್ ಪ್ರಮೇಯದಿಂದ ವರ್ಗೀಕರಿಸಿದರು. ಸರಳ ರೂಪದಲ್ಲಿ ಶೇಕಡ 65 ನಿಖರತೆ ಬಂತು, ಎರಡು ಸುಧಾರಣೆಗಳ ಬಳಿಕ 95 ದಾಟಿತು. ಆದರೆ ಆ ಯಂತ್ರಕ್ಕೆ ಪಾಠ ಹೇಳಲು ಬಳಸಿದ ಸರಿಯುತ್ತರಗಳು ಬಂದದ್ದು ಮತ್ತೆ ಪ್ಯಾಕೆಟ್ಟನ್ನು ತೆರೆದು ಓದಿದ ದಾಖಲೆಗಳಿಂದಲೇ.

2013ರಲ್ಲಿ ಎಡ್ವರ್ಡ್ ಸ್ನೋಡೆನ್ ಹೊರಹಾಕಿದ ದಾಖಲೆಗಳು ಸರ್ಕಾರಗಳು ಎಷ್ಟು ದೊಡ್ಡ ಪ್ರಮಾಣದಲ್ಲಿ ಜಾಲಕ್ಕೆ ಕಿವಿಗೊಟ್ಟಿವೆ ಎಂದು ತೋರಿಸಿದವು. ಮರುವರ್ಷದ ಮೇ ತಿಂಗಳಲ್ಲಿ ಅಂತರಜಾಲದ ನಿಯಮಗಳನ್ನು ಬರೆಯುವ ಐಇಟಿಎಫ್, ವ್ಯಾಪಕ ನಿಗಾ ಎಂಬುದು ಜಾಲದ ಮೇಲಿನ ದಾಳಿಯೇ ಎಂದು ಘೋಷಿಸಿತು. ಇಲ್ಲಿ ನಮ್ಮವರೊಬ್ಬರನ್ನು ನೆನೆಯಬೇಕು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಕುರಿತು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪಿತ್ತಿತು.

ಅಲ್ಲಿಂದೀಚೆಗೆ ಜಾಲಪುಟಗಳು ಅಂಚೆ ಕಾರ್ಡಿನಂತೆ ಬಯಲಾಗಿ ಸಾಗುವುದು ಅಪರೂಪವಾಗಿದೆ. 2018ರ ಟಿಎಲ್‌ಎಸ್ 1.3 ಎಂಬ ಗೂಢಲಿಪಿ ನಿಯಮಾವಳಿ ಮೊದಲು ಬಯಲಾಗಿದ್ದ ಹಲವು ಭಾಗಗಳನ್ನು ಮುಚ್ಚಿತು. ಆದರೂ ಒಂದು ಕಿಂಡಿ ಉಳಿಯಿತು. ಒಂದೇ ಗಣಕದಲ್ಲಿ ಹಲವು ತಾಣಗಳಿದ್ದಾಗ ಯಾವುದು ಬೇಕೆಂದು ಮೊದಲೇ ಹೇಳಬೇಕಲ್ಲ? ಆ ಹೆಸರು 2003ರಿಂದ ಬಯಲಿನಲ್ಲೇ ಸಾಗುತ್ತ ಬಂದಿದೆ. ಎನ್‌ಡಿಪಿಐಯಂಥ ತಂತ್ರಾಂಶಗಳು ಮುಖ್ಯವಾಗಿ ಓದುವುದು ಇದನ್ನೇ. 2023ರಿಂದ ಕ್ರೋಮ್, ಫೈರ್‌ಫಾಕ್ಸ್ ಬ್ರೌಸರುಗಳಲ್ಲಿ ಈ ಹೆಸರನ್ನೂ ಮುಚ್ಚುವ ಸೌಲಭ್ಯ ಬಂದಿದೆ. ತಾಣವೂ ಅದಕ್ಕೆ ಒಪ್ಪಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ.

2021ರಲ್ಲಿ ಮಾನಕವಾದ ಕ್ವಿಕ್ ನಿಯಮಾವಳಿಯಲ್ಲಿ ಒಂದು ತಮಾಷೆಯಿದೆ. ಅದರ ಮೊದಲ ಪ್ಯಾಕೆಟ್ಟಿಗೂ ಬೀಗ ಹಾಕಿದೆ, ಆದರೆ ಕೀಲಿಯನ್ನು ತಯಾರಿಸುವ ವಿಧಾನ ಎಲ್ಲರೂ ಓದಬಹುದಾದ ಮಾನಕ ಪತ್ರದಲ್ಲೇ ಮುದ್ರಿತವಾಗಿದೆ! ಇದು ಗುಟ್ಟು ಕಾಯಲು ಹಾಕಿದ ಬೀಗವಲ್ಲ. ನಡುದಾರಿಯ ಉಪಕರಣಗಳು ಹಳೆಯ ಚಹರೆಗೆ ಅಂಟಿಕೊಂಡು, ನಿಯಮಾವಳಿಯಲ್ಲಿ ಮುಂದೆ ಮಾಡುವ ಬದಲಾವಣೆಯನ್ನೆಲ್ಲ ತಡೆಯದಿರಲಿ ಎಂಬುದು ಉದ್ದೇಶ. ಇದೇ ಕಾರಣಕ್ಕೆ ಬ್ರೌಸರುಗಳು ತಮ್ಮ ಮೊದಲ ಮಾತಿನಲ್ಲಿ ಅರ್ಥವಿಲ್ಲದ ಸಂಖ್ಯೆಗಳನ್ನೂ ಬೆರೆಸುತ್ತವೆ. 2020ರಲ್ಲಿ ಮಾನಕವಾದ ಈ ಉಪಾಯದ ಹೆಸರು ಗ್ರೀಸ್. ಬಾಗಿಲ ತಿರುಗಣಿಗೆ ತುಕ್ಕು ಹಿಡಿಯದಂತೆ ಹಾಕುವ ಗ್ರೀಸೇ. ಬ್ರೌಸರು ತನ್ನ ಸಾಮರ್ಥ್ಯಗಳನ್ನು ಯಾವ ಕ್ರಮದಲ್ಲಿ ಹೇಳುತ್ತದೆ ಎಂಬುದರಿಂದ ಅದರ ಬೆರಳಚ್ಚು ತೆಗೆಯುವ ಜೆಎ3 ಎಂಬ ವಿಧಾನ 2017ರಲ್ಲಿ ಬಂದಿತ್ತು. 2023ರ ಆರಂಭದಲ್ಲಿ ಕ್ರೋಮ್ ಆ ಕ್ರಮವನ್ನು ಪ್ರತಿ ಸಲವೂ ಕಲಸತೊಡಗಿತು. ಅದೇ ವರ್ಷ ಕ್ರಮವನ್ನು ಮೊದಲು ಅಕಾರಾದಿಯಾಗಿ ಜೋಡಿಸಿಕೊಂಡು ನೋಡುವ ಜೆಎ4 ಬಂತು.

ಇದನ್ನೆಲ್ಲ ಕಣ್ಣಾರೆ ನೋಡಬೇಕೆಂದರೆ ದುಬಾರಿ ಉಪಕರಣ ಬೇಡ. ವೈರ್‌ಶಾರ್ಕ್ ಎಂಬ ಉಚಿತ ತಂತ್ರಾಂಶವನ್ನು ನಿಮ್ಮ ಸ್ವಂತ ಗಣಕದಲ್ಲಿ ಹಾಕಿಕೊಂಡು, ನಿಮ್ಮದೇ ಸಂಚಾರವನ್ನು ಎರಡು ನಿಮಿಷ ಹಿಡಿಯಿರಿ. ಬೇರೆಯವರದ್ದನ್ನು ಅವರ ಒಪ್ಪಿಗೆಯಿಲ್ಲದೆ ಹಿಡಿಯಬಾರದು. 443ನೇ ಪೋರ್ಟಿನ ಒಂದು ಟಿಸಿಪಿ ಹರಿವಿನಲ್ಲಿ ಸರಕಿನ ಮೊದಲ ಮೂರು ಬೈಟ್ ನೋಡಿ. ಹದಿನಾರರ ಮಾನದಲ್ಲಿ 16 03 01 ಎಂದು ಇರುತ್ತದೆ, ಅಂದರೆ 22, 3, 1. ಅದು ಟಿಎಲ್‌ಎಸ್‌ನ ನಮಸ್ಕಾರ. ಆಮೇಲೆ ಅದೇ ಪ್ಯಾಕೆಟ್ಟಿನಲ್ಲಿ ಸ್ವಲ್ಪ ಕೆಳಗೆ ಇಳಿಯಿರಿ. ನೀವು ಭೇಟಿ ಕೊಟ್ಟ ತಾಣದ ಹೆಸರು ಸಾದಾ ಅಕ್ಷರಗಳಲ್ಲಿ ಕಂಡರೆ, ನಿಮ್ಮ ಕಾಲೇಜಿನ ಮೇಲ್ವಿಚಾರಕರಿಗೂ ಅದು ಕಾಣುತ್ತಿದೆ ಎಂದರ್ಥ.